ಕಂಕಣಕ್ಕೆ ಕತ್ತರಿ

ನನ್ನ ಅಕ್ಕನ ಗಂಡ ರಾಮಲಿಂಗನನ್ನು ಅರಿಯದವರು ಖಾನಾಪುರದ ನಮ್ಮ ಜನರಲ್ಲಿ ಯಾರೂ ಇಲ್ಲ. ಅರಿತು ಸುಖಪಟ್ಟವರೂ ಇಲ್ಲ. ವಯಸ್ಸಿನಲ್ಲಿ ಹಿರಿಯ, ಸಂಬಂಧದಲ್ಲಿ ಭಾವ, ಬಹುವಚನ ಕೊಡಬೇಕಾದವನು. ಎದುರಿಗೆ ಕೊಡುತ್ತೇನೆ. ಬರೆಯುವಾಗ ಕೈ ಒಪ್ಪುವುದಿಲ್ಲ.

ಅವನು ಪತ್ತಿನ ಸಂಘವೊಂದರಲ್ಲಿ ಗುಮಾಸ್ತ. ಆ ಕೆಲಸದ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಅವನು ಅಲ್ಲಿ ಮಾಡಿದ್ದೂ ಏನಿಲ್ಲ. ಅವನ ನಿಜವಾದ ಉದ್ಯೋಗ ಬೇರೆಯವರ ಮನೆಯ ಮದುವೆ. ನಮ್ಮ ಕುರುಬರ ಯಾವ ಮನೆಯ ಮುಂದೆ ಹಂದರ ಎದ್ದರೂ, ಕರೆಯಲಿ ಬಿಡಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೆಗಲ ಮೇಲೆ ಕರಿಯ ಕಂಬಳಿ ಹಾಕಿಕೊಂಡು ಹಾಜರಾಗುತ್ತಾನೆ. ಜೀವಮಾನದಲ್ಲಿ ಕುರಿ ಕಾಯ್ದವನಲ್ಲ, ಕುರಿಹಿಂಡು ಎದುರಾದರೆ ಮೂಗು ಮುಚ್ಚಿಕೊಂಡು ರಸ್ತೆಯ ಆ ಬದಿಗೆ ಹೋಗುವವನು. ಆದರೆ ಕಂಬಳಿಯ ಶಾಸ್ತ್ರ ಮಾತ್ರ ಅವನೊಬ್ಬನಿಗೇ ಗೊತ್ತು. ನಂದಗಡದ ಮದುವೆಯೊಂದರಲ್ಲಿ ಮದುಮಕ್ಕಳು ಕೂತಿದ್ದ ಕಂಬಳಿಯ ಅಂಚು ತಪ್ಪು ದಿಕ್ಕಿಗಿದೆ ಎಂದು ಇಬ್ಬರನ್ನೂ ಎಬ್ಬಿಸಿದ. ಪಾಪ, ತಿರುಗಿಸಿ ಹಾಸಿದರು. ಗದ್ದ ತುರಿಸಿಕೊಂಡು ಸ್ವಲ್ಪ ಹೊತ್ತು ನೋಡಿದ. ಮೊದಲಿದ್ದದ್ದೇ ಸರಿ ಎಂದು ಮತ್ತೆ ಎಬ್ಬಿಸಿದ. ಅಕ್ಷತೆ ಹಿಡಿದು ನಿಂತವರ ಅಂಗೈ ಬೆವತು ಕಾಳು ಅಂಟಿಕೊಂಡಿದ್ದವು. ಮದುವೆಮನೆಯಲ್ಲಿ ಜಗಳ ಬೇಡವೆಂದು ಜನ ಸುಮ್ಮನಾಗುತ್ತಾರೆ, ಇವನು ಅದನ್ನು ಗೌರವ ಎಂದುಕೊಳ್ಳುತ್ತಾನೆ.

ಇಂಥವನ ಹೊಟ್ಟೆಯಲ್ಲಿ ಮಾಲಾ ಹುಟ್ಟಿದಳು. ಬೆಳಗಾವಿಯ ನೆಹರು ನಗರದ ದೊಡ್ಡ ಆಸ್ಪತ್ರೆಯಲ್ಲಿ ಅವಳು ನರ್ಸು, ದಿನವೂ ಖಾನಾಪುರದಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಒಂದು ಮಳೆಗಾಲದ ಸಂಜೆ ಬಸ್ಸಿಳಿದಾಗ ನಿಲ್ದಾಣದ ಕಟ್ಟೆಯ ಕೆಳಗೆ ನಡುಗುತ್ತಿದ್ದ ಕರಿಯ ನಾಯಿಮರಿಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಮನೆಗೆ ತಂದಳು. ಭುಂಗ್ಯಾ ಎಂದು ಹೆಸರಿಟ್ಟಳು. ಅದು ಸಂಜೆಯ ಬಸ್ಸಿನ ಹೊತ್ತಿಗೆ ಗೇಟಿಗೆ ಮೂಗು ಆನಿಸಿ ನಿಲ್ಲುತ್ತಿತ್ತು. ಬಸ್ಸು ತಡವಾದರೆ ಅನ್ನ ಮುಟ್ಟುತ್ತಿರಲಿಲ್ಲ. ಆ ಮನೆಯಲ್ಲಿ ಮಾಲಾ ಬರುವುದನ್ನು ಕಾಯುತ್ತಿದ್ದವರು ನನ್ನ ಅಕ್ಕ ಲಗಮವ್ವ ಮತ್ತು ಆ ನಾಯಿ, ಇಬ್ಬರೇ. ರಾಮಲಿಂಗ ಅದಕ್ಕೆ ಒಂದು ತುತ್ತೂ ಹಾಕಿದವನಲ್ಲ, ಆದರೂ ಅದು ಅವನಿಗೂ ಬಾಲ ಅಲ್ಲಾಡಿಸುತ್ತಿತ್ತು. ನಾಯಿಗೆ ಆ ಮಟ್ಟಿಗೆ ವಿವೇಕ ಕಡಿಮೆ.

ಕಳೆದ ವರ್ಷ ಮಾಲಾಳಿಗೆ ಮದುವೆ ಗೊತ್ತಾಯಿತು. ಹುಡುಗ ಮೈಲಾರಲಿಂಗ, ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಕೆಲಸ, ತಾಯಿ ಭರಮವ್ವನೊಂದಿಗೆ ಬೆಳಗಾವಿಯಲ್ಲಿ ವಾಸ. ಒಳ್ಳೆಯ ಜನ. ಇಷ್ಟು ದಿನ ಊರವರ ಮದುವೆಯಲ್ಲಿ ಮೂಗು ತೂರಿಸುತ್ತಿದ್ದ ರಾಮಲಿಂಗನಿಗೆ ಈಗ ಸ್ವಂತ ಮನೆಯ ಮದುವೆಯೇ ಸಿಕ್ಕಿತು. ನಾವೆಲ್ಲ ತಿಂಗಳುಗಟ್ಟಲೆ ಅನುಭವಿಸಿದೆವು.

ನಮ್ಮಲ್ಲಿ ಉಣ್ಣೆ ಕಂಕಣದವರು, ಹತ್ತಿ ಕಂಕಣದವರು ಎಂದು ಎರಡು ಪಂಗಡ. ನಾವು ಉಣ್ಣೆಯವರು. ಮದುವೆಯ ಬೆಳಗ್ಗೆ ಕರಿಯ ಕುರಿಯ ಉಣ್ಣೆಯ ದಾರಕ್ಕೆ ಅರಿಷಿಣದ ಕೊಂಬು ಕಟ್ಟಿ, ಅದನ್ನು ಮದುಮಕ್ಕಳ ಮುಂಗೈಗೆ ಕಟ್ಟುತ್ತಾರೆ. ಕಟ್ಟುವುದು ಸೋದರಮಾವ, ಅಂದರೆ ಇಲ್ಲಿ ನಾನು. ಆಮೇಲೆ ಒಂದು ದಿನ ಅದನ್ನು ಗಂಟು ಬಿಚ್ಚಿಯೇ ತೆಗೆಯಬೇಕು, ಕತ್ತರಿಸಬಾರದು. ಇಷ್ಟೇ ಪದ್ಧತಿ. ಹಿಂದಿನವರಿಗೆ ಇಷ್ಟೇ ಸಾಕಾಗಿತ್ತು. ರಾಮಲಿಂಗನಿಗೆ ಸಾಲಲಿಲ್ಲ. ಎಲ್ಲಿಂದಲೋ ಉಣ್ಣೆ ತರಿಸಿ, ಮುದುಕಿಯೊಬ್ಬಳ ತಲೆ ತಿಂದು ಮೊಳಕ್ಕಿಂತ ಉದ್ದದ ಐದೆಳೆ ದಾರ ಹೊಸೆಯಿಸಿದ. ಅದನ್ನು ಹಾಲುತುಪ್ಪದಲ್ಲಿ ನೆನೆಸಿ ದೇವರ ಜಗಲಿಯ ಮೇಲೆ ಇಡಬೇಕು, ಕಂಕಣ ಒಳಗಿರುವಾಗ ದೇವರಮನೆಯ ಬಾಗಿಲು ಹಾಕಬಾರದು ಎಂದ.

"ಇದ್ಯಾವ ಶಾಸ್ತ್ರರೀ? ನಮ್ಮವ್ವ ನಮ್ಮಪ್ಪ ಯಾರೂ ಮಾಡಿದ್ದ ನೋಡಿಲ್ಲ," ಎಂದೆ.

"ಅವರಿಗೇನ್ ತಿಳೀತಿತ್ತೋ," ಎಂದ, ಸತ್ತವರ ಮೇಲೆ ಕರುಣೆ ತೋರಿಸುವವನಂತೆ.

ಸೋಮವಾರ ಮದುವೆ. ಶನಿವಾರ ಬೆಳಗ್ಗೆ ಹೆಂಗಸರು ಮಾಲಾಳನ್ನು ಮಣೆಯ ಮೇಲೆ ಕೂರಿಸಿ ಅರಿಷಿಣ ಹಚ್ಚುತ್ತಿದ್ದರು. ಮದುಮಗಳು ಅರಿಷಿಣ ಹಚ್ಚಿಸಿಕೊಂಡ ಮೇಲೆ ಮದುವೆಯವರೆಗೆ ಹೊಸ್ತಿಲು ದಾಟಬಾರದು. ತುಪ್ಪ, ಹಾಲು, ಕುರಿಯ ಉಣ್ಣೆ, ತೆರೆದ ಬಾಗಿಲು. ನಾಯಿಗೆ ಇದಕ್ಕಿಂತ ಮರ್ಯಾದೆಯ ಆಮಂತ್ರಣ ಬೇರೆ ಬೇಕೆ? ಭುಂಗ್ಯಾ ದೇವರಮನೆಯಿಂದ ಹೊರಗೆ ಬಂದಾಗ ಬಾಯಂಚಿನಿಂದ ಗೇಣುದ್ದ ಕರಿಯ ದಾರ ನೇತಾಡುತ್ತಿತ್ತು. ಕೊಂಬಿನ ಸಮೇತ ಉಳಿದದ್ದು ಆಗಲೇ ಒಳಗೆ ಹೋಗಿತ್ತು.

ಮೊದಲು ನೋಡಿದವಳು ಮಾಲಾ. ಮಣೆಯಿಂದ ಎದ್ದೇ ಬಿಟ್ಟಳು.

"ಅಪ್ಪಾ, ಮುಟ್ಟಬ್ಯಾಡ! ಅದನ್ನ ಜಗ್ಗಬಾರದು. ಹಂಗ ದವಾಖಾನಿಗೆ ಒಯ್ಯೂಣು, ಡಾಕ್ಟರು ಕತ್ತರಿಸಿ ತಗೀತಾರ."

ರಾಮಲಿಂಗನ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ. "ಕಂಕಣಕ್ಕ ಕತ್ರಿ ಹಚ್ಚಾಂಗಿಲ್ಲ," ಎಂದ. ನಾಯಿಯ ಕುತ್ತಿಗೆಯನ್ನು ಮೊಣಕಾಲಿನಲ್ಲಿ ಒತ್ತಿ ಹಿಡಿದು, ದಾರವನ್ನು ಬೆರಳಿಗೆ ಸುತ್ತಿಕೊಂಡು ಎಳೆದ. ಬಾವಿಯಿಂದ ಕೊಡ ಸೇದುವವನ ಹಾಗೆ ಎಳೆದ. ಭುಂಗ್ಯಾ ಕೂಗಿದ ಕೂಗಿಗೆ ಅರಿಷಿಣದ ಬಟ್ಟಲು ಹಿಡಿದಿದ್ದ ನನ್ನ ಅಕ್ಕ ಬಟ್ಟಲನ್ನೇ ಕೈಬಿಟ್ಟಳು. ಎಲ್ಲಿ ಕಚ್ಚುತ್ತದೋ ಎಂದು ಹೆದರಿ ಇವನು ದಾರ ಬಿಟ್ಟ. ಬಿಟ್ಟದ್ದೇ ತಡ, ನಾಯಿ ಉಳಿದದ್ದನ್ನೂ ನುಂಗಿತು.

ಅಲ್ಲಿಗಾದರೂ ಸುಮ್ಮನಾಗುವ ಜಾತಿಯೇ ಅವನದು? ನಾಯಿಯನ್ನು ಅಂಗಳಕ್ಕೆ ಎಳೆದು, ಒಂದು ತಂಬಿಗೆ ಉಪ್ಪುನೀರು ಮಾಡಿ ಅದರ ಬಾಯಿಗೆ ಸುರಿದ, ವಾಂತಿಯಾಗಿ ಕಂಕಣ ಇಡಿಯಾಗಿ ಬರಲಿ ಎಂದು. ನಾಯಿ ನೀರು ಕಾರಿತು, ನೊರೆ ಕಾರಿತು, ಕಂಕಣ ಕಾರಲಿಲ್ಲ. ಮಾಲಾ ಹೊಸ್ತಿಲ ಒಳಗಿನಿಂದ ಅಳುತ್ತ ಕೂಗುತ್ತಿದ್ದಳು. ನಾನು ಆ ಹೊತ್ತಿನಲ್ಲಿ ಮಂಗಲ ಕಾರ್ಯಾಲಯದಲ್ಲಿ ಅಡುಗೆಯ ಪಾತ್ರೆ ಇಳಿಸಿಕೊಳ್ಳುತ್ತಿದ್ದೆ. ಇದನ್ನೆಲ್ಲ ಆಮೇಲೆ ಅಕ್ಕ ಹೇಳಿದಳು, ಹೇಳುವಾಗ ಗಂಡನ ಕಡೆ ನೋಡಲೂ ಇಲ್ಲ.

ಕಡೆಗೆ ಮಗಳ ಕಾಟ ತಾಳಲಾರದೆ ನಾಯಿಯನ್ನು ಆಟೋದಲ್ಲಿ ಹಾಕಿಕೊಂಡು ಊರಿನ ದನದ ದವಾಖಾನೆಗೆ ಹೋದ. ಹೋಗುವಾಗ ಮಾಲಾ ಎರಡೆರಡು ಸಲ ಹೇಳಿದಳು: "ಏನ್ ನುಂಗೇತಿ, ಎಷ್ಟ ಉದ್ದ ಇತ್ತು, ನೀ ಜಗ್ಗಿದ್ದು, ಉಪ್ಪುನೀರ ಹಾಕಿದ್ದು, ಎಲ್ಲಾ ಹೇಳಪ್ಪಾ. ಮುಚ್ಚಿಡಬ್ಯಾಡ." ಆಸ್ಪತ್ರೆಯಲ್ಲಿ ಅವಳು ನೋಡಿದ್ದಳು. ಏನು ತಿಂದೆ, ಏನು ಕುಡಿದೆ ಎಂದು ಡಾಕ್ಟರು ಕೇಳಿದರೆ ಸಾಯುವ ಗಳಿಗೆಯಲ್ಲೂ ಸುಳ್ಳು ಹೇಳುವ ಜನ ಇದ್ದಾರೆ. ತನ್ನ ಅಪ್ಪನೂ ಅವರಲ್ಲೊಬ್ಬ ಎಂದು ಮಾತ್ರ ತಿಳಿದಿರಲಿಲ್ಲ.

ಮರಳಿ ಬಂದಾಗ ಮುಖದಲ್ಲಿ ಗೆಲುವಿತ್ತು. "ಇಂಜೆಕ್ಷನ್ ಮಾಡ್ಯಾರ. ನಾಳಿಗೆ ಆರಾಮ ಆಕ್ಕೈತಿ."

"ದಾರ ನುಂಗೇತಿ ಅಂತ ಹೇಳಿದ್ಯಾ?"

"ಹೇಳೀನಿ ಹೇಳೀನಿ."

ಭಾನುವಾರ ಬೆಳಗ್ಗೆ ಭುಂಗ್ಯಾ ಏಳಲಿಲ್ಲ. ಬೆನ್ನು ಬಾಗಿಸಿ, ಹೊಟ್ಟೆ ಬಿಗಿಹಿಡಿದು ಮೂಲೆಯಲ್ಲಿ ನಿಂತು ಹಳದಿ ನೀರು ಕಾರಿತು, ಮತ್ತೆ ಕುಸಿಯಿತು. ಮಾಲಾ ಕೈಯಿಟ್ಟರೆ ಬಾಲದ ತುದಿ ಮಾತ್ರ ಅಲ್ಲಾಡಿತು. ಅವಳು ಊರಿನ ಡಾಕ್ಟರಿಗೆ ತಾನೇ ಫೋನು ಹಚ್ಚಿದಳು, ಸ್ಪೀಕರಿನಲ್ಲಿ. ನಾನೂ ಅಲ್ಲೇ ಇದ್ದೆ.

"ದಾರಾನ?" ಎಂದಿತು ಆ ಕಡೆಯ ದನಿ. "ಅಲ್ರೀ, ಅರಿವಿ, ದಾರ, ಪ್ಲಾಸ್ಟಿಕ್ ಏನರ ನುಂಗೇತೇನು ಅಂತ ನಾ ನಿಮ್ಮ ತಂದೀಗೆ ಕೇಳೀನಿ. ಹೋಳಿಗಿ ಭಾಳ ತಿಂದೈತಿ ಅಂದ್ರು. ನಾ ಅಜೀರ್ಣಕ್ಕ ಔಷಧ ಕೊಟ್ಟೀನಿ. ತಡಾ ಮಾಡಬ್ಯಾಡ್ರಿ, ಹಿಂಗಿಂದ ಹಿಂಗ ಬೆಳಗಾವಿಗೆ ಒಯ್ರಿ. ಇದಕ್ಕ ಆಪರೇಶನ್ ಬೇಕು."

ಮಾಲಾ ಫೋನಿಟ್ಟು ಅಪ್ಪನನ್ನು ನೋಡಿದಳು. ಅವನು ನಾಚಿದನೆಂದು ತಿಳಿಯಬೇಡಿ.

"ಅಲ್ಲಿ ನಾಕ ಮಂದಿ ಕುಂತಿದ್ರು," ಎಂದ. "ಮದುಮಗಳ ಕಂಕಣ ನಾಯಿ ತಿಂದೈತಿ ಅಂತ ಬೀಗರ ಕಿವಿಗೆ ಬಿದ್ರ ಏನ್ ಗತಿ? ಅಪಶಕುನ ಅಂತಾರ. ಲಗ್ನಾನ ಮುರೀತೈತಿ. ಶಾಸ್ತ್ರ ತಿಳದವನ ಮನ್ಯಾಗ ಹಿಂಗ ಆತು ಅಂದ್ರ ನಾ ಮಂದಿಗೆ ಮಾರಿ ಹೆಂಗ ತೋರಿಸ್ಲಿ?"

ಕಡೆಯ ಮಾತಿನಲ್ಲಿ ನಿಜ ಹೊರಬಿತ್ತು. ಮಗಳ ಲಗ್ನ ನೆಪ, ಕಾಯಬೇಕಾಗಿದ್ದದ್ದು ತನ್ನ ಮಾರಿ. ಒಂದು ಮಾತು ಹೇಳಿದ್ದರೆ ಆ ನಾಯಿ ಶನಿವಾರ ಮಧ್ಯಾಹ್ನವೇ ಬೆಳಗಾವಿಯಲ್ಲಿರುತ್ತಿತ್ತು. ಥೂ ಎನ್ನುವ ಮಾತು ನನ್ನ ಬಾಯಿಗೆ ಬಂದಿತ್ತು, ಅಕ್ಕನ ಮುಖ ನೋಡಿ ನುಂಗಿಕೊಂಡೆ.

ಮಾಲಾ ಎದ್ದಳು. ಮೂಲೆಯಲ್ಲಿ ಮಡಿಸಿಟ್ಟಿದ್ದ ಅವನ ಮದುವೆಮನೆಯ ಕಂಬಳಿಯನ್ನೇ ತೆಗೆದು ನಾಯಿಯನ್ನು ಸುತ್ತಿದಳು. "ಮಾಮಾ, ಗಾಡಿ ತಗೀ," ಎಂದಳು.

"ಅರಿಷಿಣ ಹಚ್ಚಿದ ಮೈಯಾಗ ಹೊಸ್ತಲ ದಾಟಬಾರದವ್ವಾ!" ಎಂದು ರಾಮಲಿಂಗ ಬಾಗಿಲಿಗೆ ಅಡ್ಡ ನಿಂತ.

"ಸರೀಪಾ," ಎಂದು ಅವಳು ದಾಟಿದಳು.

ಅವನೂ ಕಾರು ಹತ್ತಿದ. ನಾಯಿಯ ಮೇಲಿನ ಕಾಳಜಿಯಿಂದಲ್ಲ, ಯಾರು ಯಾರಿಗೆ ಏನು ಹೇಳುತ್ತಾರೆ ಎಂದು ಕಾಯಲು. ಟವೆಲನ್ನು ಹಣೆಯವರೆಗೆ ಎಳೆದುಕೊಂಡು ಮುಂದಿನ ಸೀಟಿನಲ್ಲಿ ಕುಗ್ಗಿ ಕೂತ. ಹಿಂದೆ ಮೈಯೆಲ್ಲ ಹಳದಿಯಾದ ಹುಡುಗಿ, ಅವಳ ತೊಡೆಯ ಮೇಲೆ ಉಸಿರಿಗೆ ಒದ್ದಾಡುವ ಕರಿಯ ನಾಯಿ. ದಾರಿಯಲ್ಲಿ ಮಚ್ಛೆ ಊರು ದಾಟುವಾಗ ಮಾಲಾ ಮೈಲಾರಲಿಂಗನಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದಳು, ಒಂದಕ್ಷರ ಬಿಡದೆ. ರಾಮಲಿಂಗ ಕಣ್ಣು ಮುಚ್ಚಿಕೊಂಡ. ಇಷ್ಟು ವರ್ಷದ ಹಿರಿತನ ಮಚ್ಛೆಯ ರಸ್ತೆಯಲ್ಲಿ ಹರಾಜಾಗುತ್ತಿತ್ತು. ನನಗೆ, ಸುಳ್ಳೇಕೆ ಹೇಳಲಿ, ಹಿತವೆನಿಸಿತು.

ಊರಿನ ಡಾಕ್ಟರು ಫೋನು ಮಾಡಿ ತಿಳಿಸಿದ್ದರಿಂದ, ಬೆಳಗಾವಿಯ ಟಿಳಕವಾಡಿಯ ಪ್ರಾಣಿಗಳ ಚಿಕಿತ್ಸಾಲಯದಲ್ಲಿ ಡಾಕ್ಟರ್ ಪೂರ್ಣಿಮಾ ಭಾನುವಾರವಾದರೂ ಬಂದು ಕಾದಿದ್ದರು. ಮಾಲಾ ದಾರದ ಉದ್ದ, ಕೊಂಬಿನ ಗಾತ್ರ, ನುಂಗಿದ ಹೊತ್ತು, ಎಳೆದದ್ದು, ಉಪ್ಪುನೀರು, ಎಲ್ಲ ಹೇಳಿದಳು. ಡಾಕ್ಟರು ನಾಲಿಗೆಯ ಕೆಳಗೆ ನೋಡಿ, ಹೊಟ್ಟೆ ಒತ್ತಿ, ಸ್ಕ್ಯಾನ್ ಮಾಡಿದರು. ಕೊಂಬು ಜಠರದ ಕೆಳಬಾಯಲ್ಲಿ ಸಿಕ್ಕಿಕೊಂಡಿತ್ತು. ದಾರ ಕರುಳಿನೊಳಗೆ ಮುಂದೆ ಹೋಗಿ, ಚಡ್ಡಿಯ ಲಾಡಿ ಎಳೆದಾಗ ಬಟ್ಟೆ ನೆರಿಗೆಯಾಗುವಂತೆ ಕರುಳು ನೆರಿಗೆಗಟ್ಟಿತ್ತು.

"ಜಗ್ಗಿದವ್ರು ಯಾರು?" ಎಂದು ಕೇಳಿದರು.

ರಾಮಲಿಂಗ ಗೋಡೆಯ ಮೇಲಿನ ಬೆಕ್ಕಿನ ಚಿತ್ರ ನೋಡತೊಡಗಿದ. ನಾನು ಬೆರಳು ಮಾಡಿ ತೋರಿಸಿದೆ.

"ದಾರ ಒಳಗ ಎಲ್ಲಿ ಸಿಕ್ಕೈತಿ ಅಂತ ನಿಮಗ ಕಾಣತೈತೇನ್ರಿ? ನೀವು ಜಗ್ಗಿದ್ರ ಅದು ಕರುಳ ಕೊಯ್ತೈತಿ. ಉಪ್ಪುನೀರ ಯಾರ್ ಹೇಳಿದ್ರು? ಅದೊಂದ ವಿಷ ಆದಂಗ. ವಾಂತಿ ಮಾಡಸೂದು ಬಿಡೂದು ನಾವು ಹೇಳಬೇಕು. ನೀವು ಮಾಡೂದು ಎರಡ ಕೆಲಸ, ಲಗೂನ ತರೂದು, ಖರೇ ಹೇಳೂದು. ಎರಡೂ ಮಾಡಿಲ್ಲ ನೀವು." ಅಷ್ಟು ಹೇಳಿ ಅವರು ಮಾಲಾಳ ಕಡೆ ತಿರುಗಿದರು. "ಉಳಿಯೂದು ಖಾತ್ರಿ ಹೇಳಾಂಗಿಲ್ಲಮ್ಮಾ. ದಾರ ಕರುಳ ಕೊಯ್ದಿಲ್ಲಂದ್ರ ಉಳೀತೈತಿ."

ಬಾಗಿಲು ಮುಚ್ಚಿತು. ಮಾಲಾ ಬೆಂಚಿನ ಮೇಲೆ ಕಂಬಳಿಯನ್ನು ಎದೆಗೊತ್ತಿಕೊಂಡು ಕೂತಳು. ಅಷ್ಟರಲ್ಲಿ ಮೈಲಾರಲಿಂಗ ಬಂದ. ಮದುವೆಗೆ ಮೊದಲು ಹುಡುಗಿಯ ಮುಖ ನೋಡಬಾರದು ಎಂದು ರಾಮಲಿಂಗ ಬಾಯಿ ತೆರೆಯುವಷ್ಟರಲ್ಲಿ ಅವನು ಹೋಗಿ ಅವಳ ಪಕ್ಕದಲ್ಲಿ ಕೂತಿದ್ದ. ಅವಳ ಕೈಯ ಅರಿಷಿಣ ಅವನ ಅಂಗಿಯ ತೋಳಿಗೆ ಹತ್ತಿತು.

ಬಹಳ ಹೊತ್ತಿನ ಮೇಲೆ ಡಾಕ್ಟರು ಹೊರಗೆ ಬಂದರು. ಕರುಳು ತೂತಾಗಿರಲಿಲ್ಲ, ಇನ್ನೊಂದಿಷ್ಟು ತಡವಾಗಿದ್ದರೆ ಆಗುತ್ತಿತ್ತು. ಕರುಳನ್ನು ಮೂರು ಕಡೆ ಕೊಯ್ದು ದಾರವನ್ನು ತುಂಡು ತುಂಡಾಗಿ ತೆಗೆದಿದ್ದರು. ಮಾಲಾ ಆಗ ಅತ್ತಳು, ಮುಖ ಮುಚ್ಚಿಕೊಳ್ಳದೆ, ಜೋರಾಗಿ.

ರಾಮಲಿಂಗನಿಗೂ ಮಾತು ಬಂತು. "ಡಾಕ್ಟರ, ಅದು... ಕಂಕಣ ತುಂಡಾತೇನ್ರಿ? ಇಡೀ ಬರಲಿಲ್ಲಾ? ಇದ್ದಷ್ಟ ತೊಳದ ಕೊಡ್ತೀರೇನ್ರಿ? ಗಂಟ ಹಾಕಿದ್ರ..."

ಡಾಕ್ಟರ್ ಪೂರ್ಣಿಮಾ ಅವನನ್ನು ನೋಡಿದ ನೋಟವನ್ನು ನಾನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಲ್ಲೆ. ಹಾಗೇ ತಿರುಗಿ ಒಳಗೆ ಹೋದರು.

ಭುಂಗ್ಯಾನನ್ನು ಅಲ್ಲೇ ಬಿಟ್ಟು ಬಂದೆವು. ಆ ಸಂಜೆ ಮನೆಯಲ್ಲಿ ದೇವರ ಜಗಲಿಯ ತಟ್ಟೆ ಖಾಲಿಯಿತ್ತು, ಬೆಳಗಾದರೆ ಮದುವೆ. ಕುರಿಯ ಉಣ್ಣೆಯ ಶುದ್ಧಿಗಾಗಿ ತಿಂಗಳುಗಟ್ಟಲೆ ನಮ್ಮ ಪ್ರಾಣ ಹಿಂಡಿದ ಮಹಾನುಭಾವ ಏನು ಮಾಡಿದ ಗೊತ್ತೇ? ಹಿಂದಿನ ಕೋಣೆಯಲ್ಲಿ ಗೂಟಕ್ಕೆ ತೂಗಿದ್ದ ನನ್ನ ಕರಿಯ ಸ್ವೆಟರಿನ ತೋಳು ಬಿಚ್ಚಿದ. ಉಣ್ಣೆಯದೂ ಅಲ್ಲ ಅದು, ಖಡೇಬಜಾರಿನಲ್ಲಿ ಕೊಂಡ ನೈಲಾನಿನ ಜಾತಿಯದು. ಅದರ ದಾರವನ್ನು ಹೊಸೆದು, ಅರಿಷಿಣದಲ್ಲಿ ಅದ್ದಿ, ಕೊಂಬು ಕಟ್ಟಿ ತಟ್ಟೆಯಲ್ಲಿಟ್ಟು ಕೈಮುಗಿದ. ಬೆಳಗ್ಗೆ ತೋಳು ಗೇಣು ಗಿಡ್ಡವಾಗಿದ್ದ ಸ್ವೆಟರು ನೋಡಿದಾಗ ನನಗೆ ತಿಳಿಯಿತು. ಮಾಲಾಳ ಕಿವಿಯಲ್ಲಿ ಹೇಳಿದೆ. ಎರಡು ದಿನದ ಮೇಲೆ ಅವಳು ಮೊದಲ ಸಲ ನಕ್ಕಳು.

"ಕಟ್ಟ ಮಾಮಾ, ಬೆಚ್ಚಗರ ಇರ್ತೈತಿ."

ಬಿಗಿಯಾಗಿಯೇ ಕಟ್ಟಿದೆ, ಗಂಟಿನ ಮೇಲೆ ಗಂಟು.

ಮಂಗಲ ಕಾರ್ಯಾಲಯದಲ್ಲಿ ಅಕ್ಷತೆ ಬಿದ್ದ ಮೇಲೆ ಬೀಗತಿ ಭರಮವ್ವ ನಾಲ್ಕು ಜನರ ನಡುವೆ ರಾಮಲಿಂಗನನ್ನು ತಡೆದು ನಿಲ್ಲಿಸಿದಳು. "ಬೀಗರ, ನಾಯಿ ಹೆಂಗೈತ್ರಿ?"

"ಯಾವ ನಾಯಿರೀ?" ಎಂದ ಇವನು.

"ನಿಮ್ಮ ಮನೀ ನಾಯಿ. ಕಂಕಣ ತಿಂದದ್ದು." ಭರಮವ್ವನ ದನಿ ಸಣ್ಣದಲ್ಲ. "ನಾಯಿ ಅಂದ್ರ ನಮಗ ಮೈಲಾರ ದೇವರ ನಾಯಿ. ಅದು ತಿಂದ್ರ ದೇವರಿಗೇ ಮುಟ್ಟಿದಂಗ ಅಂತೀವಿ ನಾವು. ಅಪಶಕುನ ಅಂದವ್ರ್ಯಾರು? ಆ ಮೂಕ ಜೀವ ಸಾಯಾಕತ್ತಿತ್ತು, ನೀವು ನಮ್ಮ ಮಾರಿ ನೋಡ್ಕೋತ ಕುಂತಿದ್ರೇನು? ಶಾಸ್ತ್ರ ತಿಳದವ್ರು ಅಂತ ಕೇಳಿದ್ದೆ ನಿಮ್ಮನ್ನ."

ಸುತ್ತ ನಿಂತವರಲ್ಲಿ ನಂದಗಡದವರೂ ಇದ್ದರು. ಅವರು ಎಷ್ಟು ಸಂತೋಷದಿಂದ ಊಟಕ್ಕೆ ಹೋದರೆಂದರೆ ಜಿಲೇಬಿ ಸಾಲದೆ ಬಂತು.

ಮುಂದಿನ ವಾರ ಕಂಕಣ ಬಿಚ್ಚಲು ಮದುಮಕ್ಕಳು ಖಾನಾಪುರಕ್ಕೆ ಬಂದರು. ದಾರಿಯಲ್ಲಿ ಟಿಳಕವಾಡಿಗೆ ಹೋಗಿ ಭುಂಗ್ಯಾನನ್ನೂ ಕರೆತಂದಿದ್ದರು. ಬೋಳಿಸಿದ ಹೊಟ್ಟೆಯ ಮೇಲೆ ಉದ್ದ ಹೊಲಿಗೆ, ಕೊರಳಿಗೆ ಅಗಲವಾದ ಪ್ಲಾಸ್ಟಿಕ್ ಪಟ್ಟಿ. ಅದು ಮೆಲ್ಲಗೆ ನಡೆದು ಬಂದು ಮಾಲಾಳ ಮಣೆಯ ಪಕ್ಕ ಮಲಗಿತು. ಮೈಲಾರಲಿಂಗನ ಕೈಯ ಉಣ್ಣೆಯ ಗಂಟನ್ನು ಮಾಲಾ ಸಲೀಸಾಗಿ ಬಿಚ್ಚಿದಳು. ಅವಳದನ್ನು ಅವನು ಬಿಚ್ಚಬೇಕು. ಹೆಂಗಸರು ನಗುತ್ತಿದ್ದರು. ಸ್ವೆಟರಿನ ದಾರದ ಗಂಟು ವಾರವಿಡೀ ಜಗ್ಗಿ ಜಗ್ಗಿ ಬಿಗಿದುಕೊಂಡಿತ್ತು, ಉಗುರು ಹೊಗಲೂ ಸಂದಿಯಿರಲಿಲ್ಲ.

ರಾಮಲಿಂಗ ಒಂದು ವಾರ ಸುಮ್ಮನಿದ್ದು ಬಹಳ ಸೊರಗಿದ್ದ. ಈಗ ಮುಂದೆ ಬಂದ. "ಒಂದ ಕೈಲೆ ಬಿಚ್ಚಬೇಕ್ರಿ ಅಳಿಯಂದ್ರ. ಹಲ್ಲ ಹಚ್ಚಬಾರದು. ಹಂಗಲ್ಲ, ಎಡಕ್ಕ ತಿರುವ್ರಿ." ಆ ದಾರ ಯಾವ ಕುರಿಯದು ಎಂದು ಬಲ್ಲವನು ಅಲ್ಲಿ ನಿಂತು ಎಡ ಬಲ ಹೇಳುತ್ತಿದ್ದ.

ಮಾಲಾಳ ಮುಂಗೈ ಕೆಂಪಗಾಯಿತು. ಅವಳು ನನ್ನ ಕಡೆ ತಿರುಗಿದಳು. "ಮಾಮಾ, ಕತ್ರಿ ಕೊಡು."

ನಗು ನಿಂತಿತು. "ಕಂಕಣಕ್ಕ ಕತ್ರಿ ಹಚ್ಚಾಂಗಿಲ್ಲವ್ವಾ," ಎಂದ ರಾಮಲಿಂಗ, ಅದೇ ದನಿಯಲ್ಲಿ.

ಮಾಲಾ ಪಕ್ಕದಲ್ಲಿ ಮಲಗಿದ್ದ ಭುಂಗ್ಯಾನ ಹೊಲಿಗೆಯ ಪಕ್ಕ ಮೆಲ್ಲಗೆ ಅಂಗೈಯಿಟ್ಟಳು. "ಹೊಟ್ಟಿಗೆ ಹಚ್ಚಬಹುದೇನಪ್ಪಾ?" ಎಂದಳು.

ನನ್ನ ಅಕ್ಕ ಲಗಮವ್ವ, ಇಡೀ ಸಂಸಾರದಲ್ಲಿ ಗಂಡನ ಮಾತಿಗೆ ಮಾತು ಸೇರಿಸಿ ಗೊತ್ತಿಲ್ಲದವಳು, ಒಳಗೆ ಹೋಗಿ ಕತ್ತರಿ ತಂದು ಮಗಳ ಕೈಗೆ ಕೊಟ್ಟಳು. ಒಂದೇ ಸಲಕ್ಕೆ ದಾರ ತುಂಡಾಯಿತು, ಕೊಂಬಿನ ಸಮೇತ ನೆಲಕ್ಕೆ ಬಿತ್ತು.

ಭುಂಗ್ಯಾ ಕೊರಳ ಪಟ್ಟಿಯನ್ನು ನೆಲಕ್ಕೆ ಉಜ್ಜುತ್ತ ಅದನ್ನು ಮೂಸಲು ಮೂತಿ ಚಾಚಿತು. ನಮಗೆಲ್ಲರಿಗಿಂತ ಮೊದಲು ಬಾಗಿದವನು ರಾಮಲಿಂಗ. ದಾರವನ್ನು ಎತ್ತಿಕೊಂಡು, ಸುತ್ತ ಯಾರನ್ನೂ ನೋಡದೆ, ಅಂಗಿಯ ಜೇಬಿಗೆ ಹಾಕಿ ಗುಂಡಿ ಹಚ್ಚಿದ.